ಕಡಲೆಕಾಳಿನಷ್ಟು ಮಿಡಿತ

ಎಲ್ಲ ಅನರ್ಥಕ್ಕೂ ಕಾರಣ ಆ ಸಂಶೋಧಕನ ಬಾಯಿ. ಬೆಳಿಗ್ಗೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದವನೇ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಗೆ, "ಅಕ್ಕಾ, ಮಿಡೀತಾ ಇದೆ" ಅಂದುಬಿಟ್ಟ.

ಮಿಡಿಯುತ್ತಿದ್ದದ್ದು ಕಡಲೆಕಾಳಿನಷ್ಟು ಜೆಲ್ಲಿ. ಅದರೊಳಗೆ ಹೃದಯದ ಜೀವಕೋಶಗಳನ್ನು ಬೆಳೆಸಿ, ಅವೆಲ್ಲ ಒಟ್ಟಿಗೆ ಮಿಡಿಯುವಂತೆ ಮಾಡಲು ಅವನಿಗೆ ಆರು ವರ್ಷ ಹಿಡಿದಿತ್ತು. ಅಷ್ಟರಲ್ಲಿ ತಂಗಿಯ ಮದುವೆಯಾಗಿ, ಅವಳ ಮಗಳು ನರ್ಸರಿಗೆ ಸೇರಿ, "ಮಾಮಾ, ನೀನಿನ್ನೂ ಪಾಸಾಗಿಲ್ವಾ?" ಎಂದು ಕೇಳುವಷ್ಟಾಗಿದ್ದಳು. ಇವತ್ತು ಮೂರು ಗಂಟೆಗೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಅವರು ಸಹಿ ಹಾಕಿದರೆ ಡಾಕ್ಟರೇಟ್, ಮನೆಯಲ್ಲಿ ಮಾನ.

ಅಕ್ಕನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಹತ್ತು ನಿಮಿಷದಲ್ಲಿ ಇಡೀ ವಿಭಾಗ, ಬಾಣಂತಿಯ ಕೂಸು ನೋಡಲು ಬಂದ ನೆಂಟರಂತೆ ಸಾಲು ನಿಂತಿತು. ಜೆಲ್ಲಿಯಿದ್ದ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ಇಪ್ಪತ್ತು ಸಲ ತೆರೆಯಿತು. ಊಟದ ಹೊತ್ತಿಗೆ ಜೆಲ್ಲಿ ತಣ್ಣಗಾಗಿ ಮಿಡಿಯುವುದನ್ನೇ ಬಿಟ್ಟಿತು.

"ಸ್ವಲ್ಪ ಬಿಸಿ ಮಾಡು" ಅಂದಳು ಅಕ್ಕ, ಏನೂ ಅರಿಯದವಳಂತೆ. ಮಾಡಿದ, ಅಲುಗಲಿಲ್ಲ. ಯಂತ್ರ ರಿಪೇರಿಯವನು, "ಒಂಚೂರು ಕರೆಂಟು ಮುಟ್ಸಿ ಸಾರ್" ಅಂದ. ಮುಟ್ಟಿಸಿದಾಗ ಹಾರಿದ್ದು ಕೋಣೆಯ ಫ್ಯೂಸು; ಅದನ್ನು ಅವನೇ ಸರಿಮಾಡಿಕೊಟ್ಟ.

"ಎಲ್ರೂ ಹೀಗೆ ಗುರಾಯಿಸಿದ್ರೆ ಯಾರ ಎದೆ ತಾನೇ ನಿಲ್ಲಲ್ಲ? ಒಂದ್ಗಳಿಗೆ ಅದರಷ್ಟಕ್ಕೆ ಬಿಡಪ್ಪ" ಅಂದಳು ಗಾಜಿನ ಸಾಮಾನು ತೊಳೆಯುವ ಅಮ್ಮ. ಅದೊಂದೇ ಬುದ್ಧಿಮಾತು, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರಕ್ಕೆ ಪರೀಕ್ಷಕರು ಬಂದು, ಮೇಜಿನ ಮೇಲೆ ಸೂಕ್ಷ್ಮದರ್ಶಕದಡಿ ಇಟ್ಟಿದ್ದ ಜೆಲ್ಲಿಯನ್ನು ದೊಡ್ಡದಾಗಿ ತೋರಿಸುವ ಪರದೆಯ ಮುಂದೆ ಕೂತರು. ಸಂಶೋಧಕನೂ ಕೂತ. ಹೆದರಿದಾಗ ಕಾಲು ಕುಣಿಸುವ ಚಟ ಅವನಿಗೆ ಚಿಕ್ಕಂದಿನಿಂದಲೂ ಇತ್ತು, ಹೆತ್ತ ತಾಯಿ ಬೈದು ಬೈದು ಸೋತಿದ್ದರು.

"ಆಹಾ, ಎಷ್ಟು ಚೆನ್ನಾಗಿ ಮಿಡೀತಿದೆ" ಅಂದರು ಪರೀಕ್ಷಕರು.

ಅವನು ನೋಡಿದ. ನಿಜಕ್ಕೂ ಜೆಲ್ಲಿ ಕುಣಿಯುತ್ತಿತ್ತು. ಹೋದ ಜೀವ ಬಂದಂತಾಯಿತು. ಆಗ ಕೆಳಗೆ ಕಣ್ಣು ಹೋಯಿತು: ಮೊಣಕಾಲು ಮೇಜಿನ ಕಾಲಿಗೆ ಬಡಿಯುತ್ತಿತ್ತು. ಕಾಲು ತಡೆದ, ಜೆಲ್ಲಿ ನಿಂತಿತು. ಗಾಬರಿಯಿಂದ ಮತ್ತೆ ಕುಣಿಸಿದ. ನಿಜ ಹೇಳಬೇಕಿತ್ತು; ಬೆಳಿಗ್ಗೆ ತೆರೆಯಬಾರದಾಗಿದ್ದ ಬಾಯಿ ಈಗ ತೆರೆಯಲಿಲ್ಲ. ಅರ್ಧ ಗಂಟೆ ಕುಣಿಸಿ ತೊಡೆ ಮರಗಟ್ಟಿತು.

ಪರೀಕ್ಷಕರು ಖುಷಿಯಿಂದ ಏನೋ ಬರೆದು ಸಹಿ ಹಾಕಿದರು. "ಇಷ್ಟು ಗಟ್ಟಿಯಾಗಿ ಮಿಡಿಯೋದನ್ನ ಇಲ್ಲಿಗೇ ಬಿಡೋಕಾಗುತ್ತಾ? ಇನ್ನೆರಡು ವರ್ಷ ಮುಂದುವರಿಸಿ. ಆಮೇಲೆ ಡಾಕ್ಟರೇಟ್."

"ಸಾರ್, ಒಂದು ವೇಳೆ ಇದು ನಿಂತೋಗಿದ್ರೆ?"

"ನಿಂತಿದ್ರೆ ಮುಂದುವರಿಸೋಕೆ ಏನಿರ್ತಿತ್ತು? ಯಾಕೆ ನಿಂತಿತು ಅಂತ ಎರಡು ಪುಟ ಬರೆಸ್ಕೊಂಡು ಇವತ್ತೇ ಪಾಸು ಮಾಡ್ತಿದ್ದೆ" ಅನ್ನುತ್ತಾ ಅವರು ಮೆಟ್ಟಿಲಿಳಿದರು.

ಅವನ ಕಾಲು ತಾನಾಗಿ ನಿಂತಿತು. ಪರದೆಯ ಮೇಲೆ ಜೆಲ್ಲಿಯೂ ನಿಂತಿತು.

"ಅಯ್ಯೋ, ಮತ್ತೆ ನಿಂತೋಯ್ತು ಕಣೋ" ಅಂದಳು ಅಕ್ಕ. "ಓಡಿಹೋಗಿ ಅವರನ್ನ ಕರೀಲಾ?"

"ಕರಿ ಅಕ್ಕಾ, ಬೇಗ ಕರಿ" ಅಂದ ಅವನು.

ಕಿಟಕಿಯ ಹೊರಗೆ ಪರೀಕ್ಷಕರ ಕಾರು ಗೇಟು ದಾಟಿತು.