ಕೆರೆಯ ಸುತ್ತ, ಕಾಲೂರದೆ ಒಂದು ಸುತ್ತು

ನನ್ನ ಕೈಬರಹ ಚೆನ್ನಾಗಿಲ್ಲ, ಮಾತೂ ಬಡವಾದದ್ದು. ಊರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಇಷ್ಟು ಉದ್ದವಾಗಿ ಬರೆಯುತ್ತಿರುವುದು ಇದೇ ಮೊದಲು. ಆದುದರಿಂದ ಮೊದಲಿಗೇ ಕ್ಷಮೆ ಬೇಡುತ್ತೇನೆ. ಹೊರಗಿನವರೆದುರು ಬಾಯಿ ತೆರೆಯುವುದಕ್ಕೂ ನಾನು ಸಂಕೋಚಪಡುತ್ತೇನೆ. ಆದರೆ ವಾಹನಗಳು ಬರಲೇಬಾರದೆಂದು ಮಾಡಿದ ದಾರಿಯಲ್ಲಿ ನಮಗೆ ಒಂದಲ್ಲ ಒಂದು ಪ್ರಸಂಗ ಒದಗುತ್ತಲೇ ಇರುತ್ತದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ನಮ್ಮ ಯಜಮಾನರು ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣುಗಳು ಹೋದ ಮೇಲೆ ಮಲ್ಕಾಜ್‌ಗಿರಿಯ ಮನೆಯಲ್ಲಿ ಕುರ್ಚಿ ಬಿಟ್ಟು ಏಳದಾದರು. ಕಾಲು ಆಡಿಸದಿದ್ದರೆ ಕಾಲಿಗೂ ಕುತ್ತು ಬರುತ್ತದೆಂದು ಡಾಕ್ಟರು ಎಚ್ಚರಿಸಿದರು. ರಸ್ತೆಗೆ ಕರೆದೊಯ್ದರೆ ಆಟೋದ ಹಾರ್ನ್ ಕೇಳಿದೊಡನೆ ನನ್ನ ತೋಳು ಹಿಡಿದು ನಿಂತುಬಿಡುತ್ತಿದ್ದರು. ಆಗ ಜೀಡಿಮೆಟ್ಲಾದಲ್ಲಿ ವೆಲ್ಡಿಂಗ್ ಕೆಲಸ ಮಾಡುವ ನನ್ನ ತಮ್ಮ ಎರಡು ಹಳೆಯ ಸೈಕಲ್‌ಗಳನ್ನು ಕೂಡಿಸಿ, ಇಬ್ಬರೂ ತುಳಿಯುವಂಥ ಒಂದು ಜೋಡಿ ಸೈಕಲ್ ಮಾಡಿಕೊಟ್ಟ. ಹುಡುಗಿಯಾಗಿದ್ದಾಗ ಹೊಲಕ್ಕೆ ಬುತ್ತಿ ಒಯ್ಯಲು ಸೈಕಲ್ ಕಲಿತಿದ್ದ ನಾನು ಮುಂದೆ, ಅವರು ಹಿಂದೆ.

“ಹಿಂದ ಕುಂದ್ರಾಕ ಬ್ಯಾಸರ ಇಲ್ಲೇನ್ರಿ?” ಎಂದು ಕೇಳಿದೆ.

“ಯಾತರ ಬ್ಯಾಸರ? ನೌಕರಿ ತುಂಬ ಹಿಂದ ಕುಂತು ಬಂದಾಂವ ನಾ. ಗಾರ್ಡ್ ಇರೂದ ಹಿಂದ. ನಡೀರಿ, ಡ್ರೈವರ್ ಸಾಹೇಬ್ರ!”

ಮುಂದಿನ ಬ್ರೇಕು ನನ್ನ ಕೈಯಲ್ಲಿ, ಹಿಂದಿನದು ಅವರ ಕೈಯಲ್ಲಿ. ಅವರು ಸೀಟಿ ಊದುವವರೆಗೆ ಸೈಕಲ್ ಹೊರಡಬಾರದು. ರೈಲಿನಲ್ಲಿ ಒಬ್ಬರು ಸಿಗ್ನಲ್ ನೋಡಿ ಕೂಗಿ ಹೇಳಿದರೆ ಜೊತೆಗಿದ್ದವರು ಅದನ್ನೇ ತಿರುಗಿ ಕೂಗುವುದು ಪದ್ಧತಿಯಂತೆ. ಅದರಂತೆ ಮುಂದೆ ಕಂಡದ್ದನ್ನೆಲ್ಲ ನಾನು ಕೂಗಬೇಕು, ಅವರು ತಿರುಗಿ ಕೂಗಬೇಕು. “ಎಮ್ಮಿ!” ಎಂದರೆ “ಎಮ್ಮಿ!”, “ತೆಗ್ಗು!” ಎಂದರೆ “ತೆಗ್ಗು!”. ಅವರ ಆಸೆ ಒಂದೇ. “ಕೆರಿ ಸುತ್ತ ಒಂದು ಸುತ್ತು. ನಡುವ ಎಲ್ಲೂ ಕಾಲು ಊರಬಾರ್ದು. ಅಷ್ಟಾದ್ರ ನಾ ಮತ್ತ ಮನಷ್ಯಾ ಆದಂಗ.”

ಇಷ್ಟು ಸಣ್ಣ ಆಸೆಗೆ ಅಡ್ಡ ಬಂದವರು ಎಷ್ಟು ಜನವೆಂಬುದನ್ನು ಇನ್ನು ಹೇಳುತ್ತೇನೆ. ನಾವಿರುವುದು ತೆಲುಗು ಸೀಮೆಯಲ್ಲಿ; ಇಲ್ಲಿ ಎಲ್ಲರೂ ತೆಲುಗು, ಹಿಂದಿಯಲ್ಲಿ ಮಾತನಾಡುವವರು. ಅವರ ಮಾತನ್ನು ಕನ್ನಡದಲ್ಲಿ ಬರೆದಿದ್ದೇನೆ.

ಗೇಟಿನ ನ್ಯಾಯ

ನಮ್ಮ ಮನೆಗೆ ದೂರವಲ್ಲದ ಒಂದು ಕೆರೆಯ ಸುತ್ತ ಆ ದಾರಿಯಿದೆ. “ಎಲ್ಲ ಬಗೆಯ ಸವಾರರಿಗಾಗಿ ವಾಹನರಹಿತ ಸೈಕಲ್ ದಾರಿ” ಎಂಬ ದೊಡ್ಡ ಫಲಕವೂ ಇದೆ. ಬೈಕುಗಳು ನುಗ್ಗಬಾರದೆಂದು ದಾರಿಯ ಬಾಯಿಯಲ್ಲಿ ಕಬ್ಬಿಣದ ಕಂಬಗಳನ್ನು ಹಾವಿನ ನಡೆಯಂತೆ ನೆಟ್ಟಿದ್ದಾರೆ. ಮೊದಲ ದಿನ ನಮ್ಮ ಉದ್ದನೆಯ ಸೈಕಲ್ ಅದರ ಮೊದಲ ತಿರುವಿನಲ್ಲಿಯೇ ಸಿಕ್ಕಿಕೊಂಡಿತು. ಮುಂದಿನ ಗಾಲಿ ಒಳಗೆ, ಹಿಂದಿನ ಗಾಲಿ ಬೀದಿಯಲ್ಲಿ.

ವಾಚ್‌ಮನ್ ಬಂದು ಸುತ್ತಲೂ ನೋಡಿ, “ಇಲ್ಲಿ ಸೈಕಲ್‌ಗೆ ಮಾತ್ರ ಪ್ರವೇಶ ಅಮ್ಮಾ” ಎಂದ.

“ಇದೂ ಸೈಕಲ್ಲೇ ಅಲ್ಲವೇನಪ್ಪ?”

“ಸೈಕಲ್ ಆಗಿದ್ದರೆ ಒಳಗೆ ಹೋಗುತ್ತಿತ್ತು. ಹೋಗಲಿಲ್ಲ ಅಂದಮೇಲೆ ಸೈಕಲ್ ಅಲ್ಲ.”

ಅಷ್ಟರಲ್ಲಿ ಪಕ್ಕದ ಬೇಲಿ ಮುರಿದ ಸಂದಿಯಿಂದ ಒಂದು ಬೈಕು ಒಳಗೆ ಹೋಯಿತು. ಅದರ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿದ ಬೈಕು. ಅದರ ಹಿಂದೆ ನೀರಿನ ಕ್ಯಾನುಗಳ ಬೈಕು. ವಾಚ್‌ಮನ್ ಒಬ್ಬೊಬ್ಬರಿಗೂ “ನಮಸ್ತೇ ಅಣ್ಣಾ” ಎಂದ. ನನಗೆ ತಡೆಯಲಾಗಲಿಲ್ಲ. “ಅವರನ್ನು ಹೇಗೆ ಬಿಟ್ಟೆ?” ಎಂದು ಕೇಳಿಯೇಬಿಟ್ಟೆ.

ಅವನಿಗೆ ಬಹಳ ನೋವಾಯಿತು. “ಅವರು ಗೇಟಿನಿಂದ ಬರಲಿಲ್ಲವಲ್ಲ ಅಮ್ಮಾ! ಗೇಟಿನಿಂದ ಬಂದಿದ್ದರೆ ಬಿಡುತ್ತಿದ್ದೆನಾ?”

ಕೆಂಪು ಎಂದರೆ ಏನು

ಸಂದಿಯಿಂದಲೇ ಒಳಗೆ ಹೋಗುವುದನ್ನು ನಾವೂ ಕಲಿತೆವು. ಒಳಗೆ ದಾರಿಗೆ ಮೂರು ಬಣ್ಣದ ಪಟ್ಟಿಗಳಿವೆ. ಹಸಿರು ಪಟ್ಟಿ ಮಕ್ಕಳಿಗೆ, ವಯಸ್ಸಾದವರಿಗೆ, ಅಂಗವಿಕಲರಿಗೆ. ನೀಲಿ ಪಟ್ಟಿ ರೂಢಿಯಿದ್ದವರಿಗೆ. ಕೆಂಪು ಪಟ್ಟಿ ಬಹಳ ಜೋರಾಗಿ ಹೋಗುವವರಿಗೆ. ನಮ್ಮದು ಹಸಿರು. ಆದರೆ ಒಂದು ದಿನ ಹಸಿರು ಪಟ್ಟಿಯ ಮೇಲೆ ಶಾಮಿಯಾನದವರು ತೊಳೆದ ಜಮಖಾನೆಗಳನ್ನು ಉದ್ದಕ್ಕೂ ಒಣಹಾಕಿದ್ದರು. ನೀಲಿಯ ಮೇಲೆ ಒಂದು ಕುಟುಂಬ ಚಾಪೆ ಹಾಸಿ ಉಪ್ಪಿಟ್ಟು ತಿನ್ನುತ್ತಿತ್ತು. ವಿಧಿಯಿಲ್ಲದೆ ಕೆಂಪಿಗೆ ತಿರುಗಿಸಿ, ಪದ್ಧತಿಯಂತೆ “ಕೆಂಪು!” ಎಂದು ಕೂಗಿದೆ.

ಕೂಗಿದ್ದೇ ತಡ, ಯಜಮಾನರು ಹಿಂದಿನ ಬ್ರೇಕನ್ನು ಬಲವಾಗಿ ಹಿಡಿದು ಎರಡೂ ಕಾಲು ಊರಿಬಿಟ್ಟರು. ನಮ್ಮ ಹಿಂದೆ ಬಾಣದಂತೆ ಬರುತ್ತಿದ್ದ, ಹೆಲ್ಮೆಟ್ ಹಾಕಿದ ಒಬ್ಬ ತರುಣ ಪಕ್ಕಕ್ಕೆ ಹಾರಿ ಜಮಖಾನೆಯ ಮೇಲೆ ಬಿದ್ದ. ಎದ್ದವನೇ, “ಅಂಕಲ್, ಕೆಂಪು ಪಟ್ಟಿಯಲ್ಲಿ ಯಾರಾದರೂ ನಿಲ್ಲುತ್ತಾರಾ?” ಎಂದು ಕಿರುಚಿದ.

“ಕೆಂಪಿಗೆ ನಿಲ್ಲದ ಮತ್ತ ಯಾತಕ್ಕ ನಿಲ್ಲಬೇಕೋ ತಮ್ಮಾ?” ಎಂದು ಇವರೂ ಕನ್ನಡದಲ್ಲಿಯೇ ಕಿರುಚಿದರು. ಅವನು ತನಗೆ ಪರಿಚಯದ ಯಾರೋ ದೊಡ್ಡ ಸಾಹೇಬರ ಹೆಸರು ಹೇಳಿದ. ಇವರು ರೈಲ್ವೆಯ ನಿಯಮ ಹೇಳಿದರು. ಉಪ್ಪಿಟ್ಟಿನವರು ತಟ್ಟೆ ಹಿಡಿದುಕೊಂಡು ನೋಡಲು ಬಂದರು.

ಮನೆಗೆ ಬಂದ ಮೇಲೂ ಅವರ ಸಿಟ್ಟು ಇಳಿಯಲಿಲ್ಲ. “ಕೆಂಪಿನ್ಯಾಗ ಜೋರ್ ಹೋಗ್ರಿ ಅಂತ ಬರದಾವ ಯಾಂವ? ಅಂವಾ ರೈಲ್ವೆದಾಗ ಇದ್ದಿದ್ರ ಇಷ್ಟೊತ್ತಿಗೆ ಅರ್ಧಾ ಹಿಂದೂಸ್ತಾನ ಹಳಿ ಬಿಟ್ಟು ಕೆಳಗ ಮಲಗಿರ್ತಿತ್ತು!”

ಮದುವೆಗೆ ಮುಂಚಿನ ಚಿತ್ರಗಳು

ಮುಂದೊಂದು ಮುಂಜಾನೆ ಮುಕ್ಕಾಲು ಸುತ್ತು ನಿಲ್ಲದೆ ಬಂದೆವು. ಹಿಂದಿನಿಂದ ಯಜಮಾನರು, “ಇನ್ನ ಎಷ್ಟೈತಿ?” ಎಂದು ಸಣ್ಣ ಮಕ್ಕಳಂತೆ ಕೇಳುತ್ತಿದ್ದರು. ಆಗ ಎದುರಿಗೆ ಬಿಳಿ ಹೊಗೆ ಎದ್ದಿತು.

“ಹೊಗಿ!” ಎಂದೆ.

“ಹೊಗಿ!” ಎಂದವರು ಬ್ರೇಕು ಹಿಡಿದೇಬಿಟ್ಟರು.

ಮದುವೆಯಾಗಲಿರುವ ಒಂದು ಜೋಡಿಯ ಫೋಟೋ ತೆಗೆಯುತ್ತಿದ್ದರು. ದಾರಿಗೆ ಅಡ್ಡಲಾಗಿ ಒಂದು ತೆರೆದ ಜೀಪು, ಡಬ್ಬಿಯಿಂದ ಬಿಟ್ಟ ಹೊಗೆ, ಹುಡುಗಿಯ ಮಾರುದ್ದದ ಲಂಗ. ದಾರಿ ಬಿಡಿ ಎಂದರೆ ಆ ಫೋಟೋದವರು ನಮ್ಮ ಸೈಕಲ್ಲನ್ನು ನೋಡಿ, “ಆಂಟಿ, ಎರಡೇ ನಿಮಿಷ ಕೊಡಿ! ಇದರ ಮೇಲೆ ಜೋಡಿ ಕೂತರೆ ಬಹಳ ಚೆಂದ” ಎಂದರು. ಬೇಡವೆನ್ನಲು ನನ್ನ ಬಾಯಿ ಏಳಲಿಲ್ಲ. ಇದು ನನ್ನ ಹಳೆಯ ದೌರ್ಬಲ್ಯ. ಹುಡುಗ ಮುಂದೆ ಕುಳಿತ, ಹುಡುಗಿ ಹಿಂದೆ. ಇಬ್ಬರಿಗೂ ಸೈಕಲ್ ಬರುವುದಿಲ್ಲವೆಂಬುದು ಇಳಿಜಾರಿನಲ್ಲಿ ತಿಳಿಯಿತು. ಬೇಲಿ ಇಲ್ಲದ ಕಡೆ ನೋಡಿ ಸೈಕಲ್ ನೇರವಾಗಿ ಕೆರೆಯ ಕೆಸರಿಗೆ ಇಳಿಯಿತು.

ಕಣ್ಣು ಕಾಣದ ನಮ್ಮ ಯಜಮಾನರು, “ಏನಾತು?” ಎಂದು ಕೇಳಿದರು.

“ಇಬ್ರೂ ಕೆಸರಾಗ ಬಿದ್ದಾರ್ರೀ.”

ಕೆಸರಿನಿಂದ ಹುಡುಗಿಯ ದನಿ ಬಂತು: “ಬರುವುದಿಲ್ಲ ಅಂತ ಮೊದಲೇ ಹೇಳಬಾರದಿತ್ತಾ?” ಹುಡುಗನ ದನಿ: “ನೀನು ಹಿಂದೆ ಅಲ್ಲಾಡಿದ್ದಕ್ಕೇ ಹೀಗಾಯಿತು!” ಹುಡುಗಿ: “ನಾನಾ?” ಇಬ್ಬರೂ ಜೋರಾಗಿ ಜಗಳಕ್ಕೆ ನಿಂತರು. ಯಜಮಾನರು ಗಮನವಿಟ್ಟು ಕೇಳಿ, “ಏ, ಇವರಿಗೆ ಇನ್ನೂ ಲಗ್ನ ಆಗಿಲ್ಲ ಅಂತ ಯಾರು ಹೇಳಿದ್ರು ನಿನಗ?” ಎಂದರು.

ಸಾಹೇಬರ ತಪಾಸಣೆ

ಸೈಕಲ್ಲಿನ ಮುಂದಿನ ಗಾಲಿ ಸೊಟ್ಟಗಾಗಿತ್ತು. ಅದಕ್ಕಿಂತ ಹೆಚ್ಚಾಗಿ ಯಜಮಾನರ ಮನಸ್ಸು ಮುರಿದಿತ್ತು. “ಸಾಕು. ಇನ್ನ ನಾ ಬರೂದಿಲ್ಲ. ಈ ಕುರ್ಚಿ ಛಲೋ” ಎಂದು ಗೋಡೆಗೆ ಮುಖ ಮಾಡಿ ಕುಳಿತರು. ತಮ್ಮ ಬಂದು ಗಾಲಿ ನೆಟ್ಟಗೆ ಮಾಡಿಕೊಟ್ಟ. ಇವರನ್ನು ಎಬ್ಬಿಸಲು ಮಾತ್ರ ಅವನಿಂದಲೂ ಆಗಲಿಲ್ಲ. ದಿನ ಕಳೆದಂತೆ ಪಾದಗಳು ಊದತೊಡಗಿದವು. ಅದನ್ನು ನೋಡಿ, ಜನ್ಮದಲ್ಲಿ ಯಾವ ಕಚೇರಿಯ ಮೆಟ್ಟಿಲನ್ನೂ ಒಂಟಿಯಾಗಿ ಹತ್ತದ ನಾನು, ಆ ದಾರಿಯನ್ನು ನೋಡಿಕೊಳ್ಳುವ ಸಾಹೇಬರ ಬಳಿಗೆ ಹೋದೆ. ದಾರಿಯಲ್ಲಿ ಬೈಕು, ಜೀಪುಗಳೆಲ್ಲ ಬರುತ್ತವೆ, ನನ್ನ ಗಂಡನಿಗೆ ಒಂದು ಸುತ್ತು ಹೋಗಲು ಆಗುತ್ತಿಲ್ಲ ಎಂದು ಹೇಳಿದೆ.

ಸಾಹೇಬರು ಬಹಳ ಸಮಾಧಾನದಿಂದ ಕೇಳಿದರು. ಆಮೇಲೆ ಹೇಳಿದರು: “ನಿಮಗೆ ಯಾರೋ ತಪ್ಪು ಹೇಳಿದ್ದಾರಮ್ಮ. ಆ ದಾರಿಯಲ್ಲಿ ಒಂದೂ ವಾಹನ ಇಲ್ಲ. ನಿನ್ನೆ ತಾನೇ ನಾನು ನನ್ನ ಕಾರಿನಲ್ಲಿ ಪೂರ್ತಿ ಒಂದು ಸುತ್ತು ಹಾಕಿ ನೋಡಿಕೊಂಡು ಬಂದಿದ್ದೇನೆ!”

ಉದ್ಘಾಟನೆ

ಕೆಲವು ದಿನಗಳಲ್ಲಿ ಆ ದಾರಿಗೆ ಹೊಸ ಬಣ್ಣ ಬಳಿದು, ಮತ್ತೊಮ್ಮೆ ಉದ್ಘಾಟನೆ ಇಟ್ಟುಕೊಂಡರು. ಅಂದು ದೊಡ್ಡವರು ಬರುವುದರಿಂದ ದಾರಿಯಲ್ಲಿ ಒಂದು ನಾಯಿಯನ್ನೂ ಬಿಡುವುದಿಲ್ಲವೆಂದು ವಾಚ್‌ಮನ್ ನನಗೆ ಹೇಳಿದ. ನಾನು ಮನೆಗೆ ಬಂದು, “ಇದೊಂದ ದಿನ ಬರ್ರಿ. ನಿಮ್ಮ ಕಾಲು ಹಿಡೀತೀನಿ” ಎಂದೆ. ಊದಿದ ಕಾಲು ಹಿಡಿದೇ ಎಬ್ಬಿಸಿದೆ.

ಏನು ಹೇಳಲಿ! ಎಮ್ಮೆಯಿಲ್ಲ, ಬೈಕಿಲ್ಲ, ಜಮಖಾನೆಯಿಲ್ಲ. ನಾವು ಕೇಳಿಕೊಂಡಾಗ ಆಗದ ಕೆಲಸ ಒಬ್ಬ ಅತಿಥಿಗಾಗಿ ಒಂದೇ ಮುಂಜಾನೆಯಲ್ಲಿ ಆಗಿತ್ತು. ಅತಿಥಿಯ ಕಾರುಗಳು ಒಳಗೆ ಬರಲೆಂದು ಆ ಕಂಬಗಳನ್ನೂ ಕಿತ್ತಿದ್ದರು. ಉದ್ಘಾಟನೆಯಾದ ಮೇಲೆ ಸೈಕಲ್ ಸವಾರರ ಮೆರವಣಿಗೆಯಿತ್ತಂತೆ; ನಾವೂ ಅದರವರೇ ಇರಬೇಕೆಂದು ಪೊಲೀಸರೊಬ್ಬರು “ಜಲ್ದಿ, ಜಲ್ದಿ” ಎಂದು ಕೈಬೀಸಿ ಬಿಟ್ಟರು. ಯಜಮಾನರು ಸೀಟಿ ಊದಿದರು. ಹೊರಟೆವು.

ಕೂಗಿ ಹೇಳಲು ಏನೂ ಇರಲಿಲ್ಲ. ಅವರೇ ಆಗಾಗ, “ಯಾಕ, ಸುಮ್ಮಕಾದಿ?” ಎಂದು ಕೇಳುತ್ತಿದ್ದರು. “ದಾರಿ ಖಾಲಿ ಐತ್ರಿ” ಎನ್ನುತ್ತಿದ್ದೆ. “ಖಾಲಿ!” ಎಂದು ಅವರು ಕೆರೆಗೆಲ್ಲ ಕೇಳುವಂತೆ ಕೂಗುತ್ತಿದ್ದರು.

ಸುತ್ತು ಮುಗಿಯಲು ಒಂದು ತಿರುವು ಉಳಿದಿತ್ತು. ತಿರುಗಿದರೆ ಎದುರಿಗೆ ವೇದಿಕೆ, ಬ್ಯಾಂಡಿನವರು, ಹಾರ ಹಾಕಿಕೊಂಡ ಅತಿಥಿ. ನಾವು ಹೊರಟಾಗ ಇಲ್ಲದ ಒಂದು ರಿಬ್ಬನ್ನು ಈಗ ದಾರಿಗೆ ಅಡ್ಡಲಾಗಿ ಕಟ್ಟಿದ್ದರು. ಅತಿಥಿಯ ಕೈಯಲ್ಲಿ ಕತ್ತರಿಯಿತ್ತು. ವಾಹನರಹಿತ ದಾರಿಯ ಮಹತ್ವವನ್ನು ಅವರು ಮೈಕಿನಲ್ಲಿ ಹೇಳುತ್ತಿದ್ದರು. ಬೆನ್ನ ಹಿಂದೆ ಅದೇ ದಾರಿಯ ಮೇಲೆ ಅವರ ಕಾರುಗಳು ಸಾಲಾಗಿ ನಿಂತಿದ್ದವು.

“ರಿಬ್ಬನ್!” ಎಂದು ಕೂಗಿದೆ.

“ರಿಬ್ಬನ್!” ಎಂದರು. ಆಮೇಲೆ, “ಅಡ್ಡ ಮನಷ್ಯಾರ ಅದಾರೇನು?”

“ಇಲ್ರಿ, ಬಾಜೂಕ ಅದಾರ.”

“ಹಂಗಾದ್ರ ನಡೀಲಿ.”

ಮುಂದಿನ ಬ್ರೇಕು ನನ್ನ ಕೈಯಲ್ಲಿತ್ತು. ಹಿಡಿಯಬಹುದಿತ್ತು. ನಾನು ಹಿಡಿಯಲಿಲ್ಲ.

ರಿಬ್ಬನ್ನು ಹರಿದು ನನ್ನ ಕೊರಳಿಗೆ ಸುತ್ತಿಕೊಂಡಿತು. ಬ್ಯಾಂಡಿನವರು ಇದೇ ಸಮಯವೆಂದು ತಿಳಿದು ಬಾರಿಸಲು ತೊಡಗಿದರು. ಜನ ಚಪ್ಪಾಳೆ ತಟ್ಟಿದರು. ಅತಿಥಿ ಕತ್ತರಿಯನ್ನು ಬಾಯ್ತೆರೆದೇ ಹಿಡಿದು ನಿಂತಿದ್ದರು. ಕಾರ್ಯಕರ್ತರೊಬ್ಬರು ಓಡಿ ಬಂದು, “ಎವರಮ್ಮಾ ಮೀರು? ಯಾರು ನೀವು?” ಎಂದು ಗದರಿದರು.

ಯಜಮಾನರಿಗೆ ಅದು ಕೇಳಿಸಲೇ ಇಲ್ಲ. “ಎಲ್ಲೂ ನಿಂತಿಲ್ಲಲ್ಲ?” ಎಂದು ನನ್ನನ್ನು ಕೇಳಿದರು.

“ಇಲ್ರಿ.”

“ಕಾಲು ಊರಿಲ್ಲಲ್ಲ?”

“ಊರಿಲ್ರಿ. ಸುತ್ತು ಮುಗೀತ್ರಿ.”

ಅವರು ಬ್ರೇಕು ಹಿಡಿದು, ಕಾಲು ಊರಿ, ಟವೆಲಿನಿಂದ ಮುಖ ಮುಚ್ಚಿಕೊಂಡರು. ಅತ್ತ ಕಾರ್ಯಕರ್ತರು ನನ್ನ ಕೊರಳಿನಿಂದ ರಿಬ್ಬನ್ನು ಬಿಚ್ಚಿಕೊಂಡು ಹೋಗಿ, ಗಂಟು ಹಾಕಿ ಮತ್ತೆ ಕಟ್ಟಿದರು. ಅತಿಥಿ ಅದನ್ನು ಕತ್ತರಿಸಿ, ಇನ್ನು ಮುಂದೆ ಇಲ್ಲಿ ಒಂದೂ ವಾಹನ ಬರುವುದಿಲ್ಲವೆಂದು ಮಾತು ಕೊಟ್ಟು, ಕಾರು ಹತ್ತಿ, ಆ ದಾರಿಯ ಮೇಲೆಯೇ ಹೊರಟುಹೋದರು. ಕಂಬಗಳನ್ನು ಮತ್ತೆ ಯಾರೂ ನೆಡಲಿಲ್ಲ. ಮರುದಿನದಿಂದ ಬೈಕುಗಳ ಜೊತೆಗೆ ಆಟೋಗಳೂ ಬರತೊಡಗಿದವು.

ಯಜಮಾನರು ಮಾತ್ರ ಈಗ ಕುರ್ಚಿಯಲ್ಲಿ ಕೂರುವುದಿಲ್ಲ. ದಿನಾ ಮುಂಜಾನೆ ಬೂಟು ಹಾಕಿಕೊಂಡು, ಸೀಟಿ ಕೊರಳಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ಕೇಳುತ್ತಾರೆ: “ಡ್ರೈವರ್ ಸಾಹೇಬ್ರ, ಪೇಪರ್ ನೋಡಿ ಹೇಳ್ರಿ, ಇವತ್ತ ಕೆರಿಗೆ ಯಾರರ ಉದ್ಘಾಟನಾ ಇಟ್ಟಾರೇನು?”

ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.