ದುರುಗುಟ್ಟುವ ಕಣ್ಣಿನ ಅಳತೆ

ಕೊಂಡಪ್ಪ: ಒಂದು ವರ್ಸದಿಂದ ನನ್ನ ದುರುಗುಟ್ಕೊಂಡು ನೋಡ್ತಿಲ್ಲ ಅನ್ನು, ನೋಡಾನ.

ಮುನಿತಾಯಮ್ಮ: ನಾನು ನೋಡೋದೇ ಹಂಗೆ.

ಕೊಂಡಪ್ಪ: ಮುಂಚೆ ಹಂಗಿರ್ಲಿಲ್ಲ ಕಣೇ.

ಹೊಸಕೋಟೆಯ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಗಂಡಹೆಂಡಿರು ಹೀಗೆ ಕಿತ್ತಾಡುತ್ತಿದ್ದರು. ಮುನಿತಾಯಮ್ಮನಿಗೆ ಥೈರಾಯ್ಡ್. ಕಣ್ಣು ಉಬ್ಬಿದಂತಿದೆ, ಸ್ಕ್ಯಾನ್ ಮಾಡಿಸಿ ಎಂದು ಊರಿನ ಡಾಕ್ಟರು ಕಳಿಸಿದ್ದರು. ಸ್ಕ್ಯಾನ್ ಆಗಿತ್ತು, ಕಣ್ಣಿಗೆ ಕತ್ತರಿ ಬೀಳುತ್ತದೋ ಎಂದು ಆಕೆಯ ಜೀವ ಬಾಯಿಗೆ ಬಂದಿತ್ತು. ಕೊಂಡಪ್ಪನಿಗೂ ಹೆದರಿಕೆಯೇ, ಆದರೆ ಅವನ ಸಂಕಟ ಇನ್ನೊಂದು. ಸೂಲಿಬೆಲೆ ಡೈರಿಗೆ ಹಾಲು ಹಾಕಿಕೊಂಡು ಆರಾಮಾಗಿದ್ದ ಮನುಷ್ಯ, ಆ ನೋಟಕ್ಕೆ ಹೆದರಿ ಬೀಡಿ ಬಿಟ್ಟ, ಇಸ್ಪೀಟು ಬಿಟ್ಟ, ಕಡೆಗೆ ಕೊಟ್ಟಿಗೆಯ ಸಗಣಿಯನ್ನೂ ತಾನೇ ಬಾಚತೊಡಗಿದ. ಆಕೆ ಮಾತ್ರ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ.

ಡಾಕ್ಟರ್ ರೂಪ ಇಬ್ಬರನ್ನೂ ಒಳಗೆ ಕರೆದು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು.

ರೂಪ: ನೋಡಿ ಅಮ್ಮ, ಕಣ್ಣುಗುಡ್ಡೆ ಯಾವುದು, ಸುತ್ತ ಮೂಳೆ ಯಾವುದು ಅಂತ ಕಂಪ್ಯೂಟರೇ ಗುರುತಿಸಿ ಅಳೆದಿದೆ. ಹಿಂದಿನ ಸ್ನಾಯು ಊದ್ಕೊಂಡು ಬಲಗಣ್ಣು ಮುಂದಕ್ಕೆ ಬಂದಿದೆ. ಆಪರೇಷನ್ ಬೇಡ, ಮಾತ್ರೆ ಸಾಕು.

ಮುನಿತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ಸಮಾಧಾನ ಆಕೆಗೆ ಬಹಳ ದಿನದಿಂದ ಆಗಿರಲಿಲ್ಲ.

ಕೊಂಡಪ್ಪ: ಅಂಗಾದ್ರೆ ಇವ್ಳು ದುರುಗುಟ್ಟಿದ್ದಲ್ಲ, ಡಾಕ್ಟ್ರವ್ವ?

ರೂಪ: ಅಲ್ಲ ಯಜಮಾನ್ರೆ. ಬಲಗಣ್ಣಿನ ಕಾಯಿಲೆ.

ಕೊಂಡಪ್ಪನ ಎದೆ ಒಂದು ಗೇಣು ಉಬ್ಬಿತು. ಡೈರಿಯಲ್ಲಿ ಹಾಲಳೆಯುವ ಮಿಷಿನ್ನನ್ನು ಒಂದು ದಿನವೂ ನಂಬದವನು ಈ ಮಿಷಿನ್ನಿಗೆ ಕೈಯೆತ್ತಿ ಮುಗಿದ. ಕಾಯಿಲೆ ಕಣ್ಣಿನ ನೋಟಕ್ಕೆ ಹೆದರಿ ವರ್ಷವೆಲ್ಲ ಸನ್ಯಾಸಿಯಾದೆನಲ್ಲ ಎಂದು ಗೊಣಗಿ, ಇವತ್ತಿನಿಂದ ಬೀಡಿ ಶುರು ಎಂದು ಘೋಷಿಸಿದ. ಬೀಡಿಯ ಹೊಗೆ ಈ ಕಣ್ಣಿಗೆ ಆಗುವುದೇ ಇಲ್ಲ ಎಂದರು ಡಾಕ್ಟರು.

ಕೊಂಡಪ್ಪ: ಬೀಡಿ ಹೋಗ್ಲಿ. ಇಸ್ಪೀಟಲ್ಲಿ ಹೊಗೆ ಬರಲ್ವಲ್ಲ. ಸಗಣಿ ಇನ್ಮೇಲೆ ನೀನೇ ಬಾಚು.

ಮುನಿತಾಯಮ್ಮ: ಡಾಕ್ಟ್ರವ್ವ, ನನ್ನ ಎಡಗಣ್ಣು ಎಂಗೈತಂತೆ?

ರೂಪ: ಅದಕ್ಕೇನೂ ಆಗಿಲ್ಲಮ್ಮ. ಅಳತೆ ಎಲ್ಲಾ ಸರಿಯಾಗಿದೆ.

ಮುನಿತಾಯಮ್ಮ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಗಂಡನ ಕಡೆ ನಿಧಾನವಾಗಿ ತಿರುಗಿದಳು.

ಮುನಿತಾಯಮ್ಮ: ಈಗ ಹೇಳು. ಏನೋ ಅಂದ್ಯಲ್ಲ?

ಕೊಂಡಪ್ಪ ಕುರ್ಚಿಯನ್ನು ಡಾಕ್ಟರ ಕಡೆ ಎಳೆದುಕೊಂಡು ದನಿ ತಗ್ಗಿಸಿದ.

ಕೊಂಡಪ್ಪ: ಅವ್ವಾ, ಎಡಗಣ್ಣಿಗೂ ಒಂದು ಮಾತ್ರೆ ಬರ್ಕೊಡು.