ಇಪ್ಪತ್ತೈದು ಸುತ್ತು ಸೀಸ

ಗಡಿಯಾರ ರಿಪೇರಿಯವನ ಮನೆಯಲ್ಲಿ ಜಗಳ ಹುಟ್ಟಿದ್ದು ಕಿಟಕಿ ಪಕ್ಕದ ಮೇಜಿನಿಂದ. ರಜೆ ಬಂತೆಂದರೆ ಅವನು ಅದರ ಮುಂದೆ ಕೂತು, ಗಾಳದ ಕೊಕ್ಕೆಯೊಂದನ್ನು ಇಕ್ಕಳಕ್ಕೆ ಸಿಕ್ಕಿಸಿ, ಸೀಸದ ತಂತಿ ಸುತ್ತಿ, ಅದರ ಮೇಲೆ ಗರಿ, ಕೂದಲು ಕಟ್ಟಿ ಹುಸಿ ಮೀನುಮರಿ ಮಾಡುತ್ತಿದ್ದ. ಸೀಸದ ಭಾರಕ್ಕೆ ಅದು ಕೆರೆಯ ಆಳಕ್ಕಿಳಿಯಬೇಕು, ದೊಡ್ಡ ಮೀನು ನಿಜವಾದ ಮರಿಯೆಂದು ನಂಬಿ ನುಂಗಬೇಕು. ಮೂರು ವರ್ಷದಲ್ಲಿ ಒಂದು ಮೀನೂ ಮೋಸಹೋಗಿರಲಿಲ್ಲ.

"ರೀ, ಊಟದಲ್ಲೂ ಗರಿ ಸಿಗ್ತಿದೆ," ಎಂದಳು ಹೆಂಡತಿ. "ಇವತ್ತು ಸಾಯಂಕಾಲದೊಳಗೆ ಮೀನು ಬರ್ಲಿಲ್ಲ ಅಂದ್ರೆ ಈ ಮೇಜು ಗುಜರಿಗೆ."

ಅವನು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನನ್ನ ಗಡಿಯಾರ ಯಾವಾಗ ಕೊಡ್ತೀರಿ" ಎಂದು ಯಾರೂ ಕೇಳದ ಜಾಗ ಲೋಕದಲ್ಲಿ ಅದೊಂದೇ. ಅಲ್ಲಿ ಕೂತು ದಾರ ಸುತ್ತುತ್ತಿದ್ದರೆ ಮೇಜು ಕರಗಿ ಹಸಿರು ನೀರಾಗುತ್ತಿತ್ತು. ಅವನು ಮೆಲ್ಲಗೆ ಇಳಿಯುತ್ತಿದ್ದ. ಕೆಳಗೆ, ಬೆಳಕು ತೆಳ್ಳಗಾಗುವಲ್ಲಿ, ಮೀಸೆ ಬಿಟ್ಟ ಮೀನೊಂದು "ಬಾರಪ್ಪ, ಕೂತ್ಕೋ" ಎನ್ನುತ್ತಿತ್ತು.

"ಎಷ್ಟು ಸುತ್ತು ಹಾಕಿದ್ದೀಯ?"

ಅವನು ತಟ್ಟನೆ ಮೇಲೆ ತೇಲಿದ. ಬಾಗಿಲಲ್ಲಿ ಮೇಲಿನ ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ನಿಂತಿದ್ದರು.

"ಹತ್ತು, ಮೇಷ್ಟ್ರೇ."

"ಸಾಲದು. ಹದಿನೈದು ಹಾಕು."

ಹದಿನೈದಾಯಿತು. ಅಷ್ಟರಲ್ಲಿ ಕೆಳಗಿನ ಕಟಿಂಗ್ ಶಾಪಿನವನು ಪೊಟ್ಟಣ ಹಿಡಿದು ಹತ್ತಿ ಬಂದ. "ಅಣ್ಣಾ, ಇದನ್ನ ಕಟ್ಟಿ. ಬ್ಯಾಂಕ್ ಮ್ಯಾನೇಜರ್ ಕೂದ್ಲು. ಎಂಥ ಹೊಳಪು ನೋಡಿ."

ಕೂದಲು ಜಾಸ್ತಿಯಾದರೆ ತೇಲುತ್ತದೆಂದು ಮೇಷ್ಟ್ರು ಇನ್ನೂ ಹತ್ತು ಸುತ್ತು ಹಾಕಿಸಿದರು. ಸೀಸ ಕಾಣುತ್ತದೆಂದು ಕಟಿಂಗ್ ಶಾಪಿನವನು ಪೊಟ್ಟಣವನ್ನೆಲ್ಲ ಕಟ್ಟಿಸಿದ. ಇಬ್ಬರು ಬಲ್ಲವರ ನಡುವೆ ಸಿಕ್ಕವನ ಪಾಡು ಕೇಳಬೇಕೆ? ಮಧ್ಯಾಹ್ನದ ಹೊತ್ತಿಗೆ ಮೀನುಮರಿ ಹೋಗಿ ಹೆಗ್ಗಣದ ಮರಿಯಾಗಿತ್ತು. ಪರೀಕ್ಷೆಗೆಂದು ಬಟ್ಟೆ ನೆನೆಸಿದ್ದ ಬಕೆಟ್ಟಿಗೆ ಬಿಟ್ಟರೆ ಅದು ಹೆಂಡತಿಯ ಹೊಸ ಶಾಲನ್ನು ಕಚ್ಚಿಕೊಂಡು ಮೇಲೆ ಬಂತು.

"ಸದ್ಯ, ಏನೋ ಒಂದು ಹಿಡೀತಲ್ಲ," ಎಂದಳು ಅವಳು, ನಗದೆ.

ಮೂವರೂ ಕೆರೆಗೆ ಹೋದರು. ಗಡಿಯಾರದವನು ಗಾಳ ಬೀಸಿದ. ನಡುನೀರಿಗೆ ಹೋಗಬೇಕಾದದ್ದು ಹಿಂದಿದ್ದ ಮೇಷ್ಟ್ರ ಟೋಪಿ ಕಿತ್ತುಕೊಂಡಿತು. ಎರಡನೇ ಸಲ ದಡದಿಂದ ಎರಡೇ ಮೊಳ ದೂರದಲ್ಲಿ ದೊಪ್ಪನೆ ಬಿದ್ದು ಮುಳುಗಿತು.

"ಇಷ್ಟಕ್ಕೆ ನಾನು ಅಂಗಡಿ ಮುಚ್ಚಿ ಬಂದೆನಾ?" ಎಂದ ಕಟಿಂಗ್ ಶಾಪಿನವನು.

ನೀರಿನ ಮೇಲೆ ಸಂಜೆ ಬಿಸಿಲು ತೂಕಡಿಸುತ್ತಿತ್ತು. ಮೇಜು ಹೋಯಿತಲ್ಲ ಎಂದು ಗಡಿಯಾರದವನಿಗೆ ದುಃಖ ಒತ್ತರಿಸಿ ಬಂತು. ದಾರ ಎಳೆದುಕೊಳ್ಳಹೋದ. ದಾರ ಬರಲಿಲ್ಲ. ಬದಲಿಗೆ ಅವನನ್ನೇ ಎಳೆಯಿತು.

ದೊಡ್ಡ ಮೀನೊಂದು ದಡದ ಮರದ ಬೇರುಗಳ ಕೆಳಗೇ ಮಲಗಿತ್ತು; ಬಾಯೆದುರು ಬಿದ್ದದ್ದನ್ನು ನುಂಗಿತ್ತು. ಮೂವರೂ ಮಂಡಿಯುದ್ದ ಕೆಸರಿಗಿಳಿದು ಜಗ್ಗಿದರು. ಹೊತ್ತು ತಂದಾಗ ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಅವನ ಕಾಲು ನೆಲದ ಮೇಲಿರಲಿಲ್ಲ.

ಹೆಂಡತಿ ಕಣ್ಣರಳಿಸಿದಳು. "ಇಷ್ಟು ದೊಡ್ಡದಾ? ನಾನು ಸುಮ್ನೆ ಬೈತಿದ್ದೆ ರೀ. ಆ ಮೇಜನ್ನ ಯಾರಾದ್ರೂ ಗುಜರಿಗೆ ಹಾಕ್ತಾರಾ?"

ಅವನ ಕಣ್ಣು ತುಂಬಿ ಬಂತು. ಕೈಕಾಲು ತೊಳೆದು, ತಲೆ ಬಾಚಿ, ಕೂರೋಣವೆಂದು ಬಂದರೆ ಕಿಟಕಿ ಪಕ್ಕ ಬರೀ ನೆಲ.

ಮೇಜು ಅಡುಗೆಮನೆಯಲ್ಲಿತ್ತು. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮೀನು.

"ಕಟ್ಟೆ ಮೇಲೆ ಹಿಡಿಸ್ಲೇ ಇಲ್ಲ ರೀ," ಎಂದಳು ಹೆಂಡತಿ, ಪ್ರೀತಿಯಿಂದ, ಚಾಕು ಮಸೆಯುತ್ತಾ. "ಹೇಗೂ ಇನ್ಮೇಲೆ ವಾರವಾರ ತರ್ತೀರಲ್ಲ, ಇದು ಇಲ್ಲೇ ಇರ್ಲಿ."